ಉಗಿಬಂಡಿಗೆ ಕೊಟ್ಟ ಕೆಂಡ

ಆ ಊರಲ್ಲಿ ಬೆಂಕಿಯನ್ನು ಯಾರೂ ಹೊಸದಾಗಿ ಹುಟ್ಟಿಸುತ್ತಿರಲಿಲ್ಲ. ಹುಟ್ಟಿಸಬಾರದೆಂದು ಕಟ್ಟಳೆ. ಇದ್ದ ಬೆಂಕಿಯೇ ಅತ್ತೆಯ ಒಲೆಯಿಂದ ಸೊಸೆಯ ಒಲೆಗೆ, ಈ ಮನೆಯಿಂದ ಆ ಮನೆಗೆ ಕೆಂಡವಾಗಿ ನಡೆದುಬಂದಿತ್ತು. ಒಂದು ಮನೆಯಲ್ಲಿ ಆರಿದರೆ ಪಕ್ಕದ ಮನೆಯವರು ಇಕ್ಕಳದಲ್ಲಿ ನಾಲ್ಕು ಕೆಂಡ ಎತ್ತಿ ಕೊಡುತ್ತಿದ್ದರು. ಕೊಟ್ಟೆನೆಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ, ಇಸಕೊಂಡೆನೆಂದು ಯಾರೂ ತಲೆ ತಗ್ಗಿಸುತ್ತಿರಲಿಲ್ಲ. ಹೀಗಾಗಿ ಊರಿಗೆಲ್ಲ ಒಂದೇ ಬೆಂಕಿ.

ಆ ಬೆಂಕಿಗೆ ವರ್ಷದಲ್ಲಿ ಒಂದು ದಿನ ಮಾತ್ರ ಮನೆಗಳೊಳಗೆ ಜಾಗವಿರಲಿಲ್ಲ. ಅದು ಉಗಿಬಂಡಿಯ ದಿನ.

ಉಗಿಬಂಡಿ ಹಿಂದೆಂದೋ ದಿನವೂ ಓಡುತ್ತಿತ್ತಂತೆ. ಆಮೇಲೆ ನಿಂತುಹೋಯಿತು. ಊರ ಹೊರಗಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಕೂತಿತು, ಹೊಟ್ಟೆಯಲ್ಲಿ ಬಾವಲಿ ನೇತಾಡಿದವು, ಹೊಗೆಗೊಳವೆಯಲ್ಲಿ ಪಾರಿವಾಳ ಮೊಟ್ಟೆ ಇಟ್ಟಿತು. ಮತ್ತೊಂದು ಕಾಲಕ್ಕೆ ಊರಿನವರಿಗೆ ಏನನ್ನಿಸಿತೋ ಏನೋ, ತುಕ್ಕು ಕೆರೆದರು, ಹಿತ್ತಾಳೆ ಉಜ್ಜಿದರು, ಮೈಗೆಲ್ಲ ಕಪ್ಪು ಬಣ್ಣ ಬಳಿದು ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಅಂದಿನಿಂದ ವರ್ಷಕ್ಕೊಮ್ಮೆ, ಅವರೆಕಾಯಿಯ ಸೊಗಡು ಬೀದಿ ತುಂಬುವ ಚಳಿಗಾಲದಲ್ಲಿ, ಅದು ಬೆನ್ನಿಗೆ ಡಬ್ಬಿಗಳನ್ನು ಕಟ್ಟಿಕೊಂಡು ಹೊಳೆಯ ಸೇತುವೆಯವರೆಗೆ ವಿಹಾರಕ್ಕೆ ಹೋಗಿ ಸಂಜೆಗೆ ಹಿಂದಿರುಗುತ್ತಿತ್ತು. ಹತ್ತುವವರು ಕಡಿಮೆ, ನೋಡುವವರೇ ಹೆಚ್ಚು. ನೋಡುವುದೇ ಆ ಊರಿನ ಹಬ್ಬ.

ಬಂಡಿಯ ಒಲೆಗೆ ಸೌದೆ ಹಾಕುವಂತಿಲ್ಲ, ಕಲ್ಲಿದ್ದಲು ಹಾಕುವಂತಿಲ್ಲ. ಮನೆಮನೆಯ ಕೆಂಡದಿಂದಲೇ ಅದು ಓಡಬೇಕು. ಬೆಳಗ್ಗೆ ಪ್ರತಿ ಮನೆಯವರೂ ತಮ್ಮ ಒಲೆಯನ್ನು ತಳದವರೆಗೆ ಬಳಿದು, ಕೆಂಡವನ್ನೆಲ್ಲ ಮಡಕೆಗೆ ತುಂಬಿಕೊಂಡು ನಿಲ್ದಾಣಕ್ಕೆ ಬರಬೇಕು. ಬಂಡಿಯವನು ಮಡಕೆಗಳನ್ನು ಒಂದೊಂದಾಗಿ ಇಸಕೊಂಡು ಒಲೆಯೊಳಗೆ ಸುರಿಯುತ್ತಾನೆ. ಸಂಜೆ ಬಂಡಿ ಹಿಂದಿರುಗಿದ ಮೇಲೆ ಅದೇ ಒಲೆಯಿಂದ ಪ್ರತಿ ಮನೆಗೂ ಕೆಂಡ ಹಂಚುತ್ತಾನೆ. ಆ ಹಗಲು ಯಾರಾದರೂ ಮನೆಯಲ್ಲಿ ಬೆಂಕಿ ಬಚ್ಚಿಟ್ಟುಕೊಂಡರೆ ಅಂಥ ಮನೆಗೆ ಮುಂದೆಂದೂ ಯಾರೂ ಕೆಂಡ ಕೊಡುವಂತಿಲ್ಲ. ಕಟ್ಟಳೆ ಇಷ್ಟೇ. ಇದನ್ನು ಮುರಿದವರಿದ್ದಾರೆಂದು ಊರಲ್ಲಿ ಯಾರೂ ಕೇಳಿರಲಿಲ್ಲ. ಕೇಳಿರಲಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು.

ಬೀದಿಯ ತುದಿಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಮನೆಗಳ ಸಾಲಿನಂತೆಯೇ ಮಡಕೆಗಳ ಸಾಲು, ಹಾಗಾಗಿ ಅವಳ ಮಡಕೆ ಎಲ್ಲರಿಗಿಂತ ಕೊನೆಯದು. ಅವಳು ಪ್ರತಿವರ್ಷ ಮಡಕೆಗೆ ಮಸಿಬಟ್ಟೆ ಸುತ್ತಿಕೊಂಡು ಬರುತ್ತಿದ್ದಳು. ಅಷ್ಟಾದರೂ ಬಿಸಿ ತಾಳಲಾರದೆ ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತ, ಉಸ್ ಉಸ್ ಎನ್ನುತ್ತ ನಡೆಯುತ್ತಿದ್ದಳು. ಉಳಿದವರೆಲ್ಲ ಮಡಕೆಯನ್ನು ಬರಿಗೈಯಲ್ಲಿ, ಬಾವಿಯಿಂದ ನೀರು ತಂದಷ್ಟು ಸಲೀಸಾಗಿ ಹಿಡಿದಿರುತ್ತಿದ್ದರು. ಅಜ್ಜಿಯ ಕೈ ಬೆಣ್ಣೆಯ ಕೈ ಎಂದು ಊರಿಗೆಲ್ಲ ತಮಾಷೆ. ಅವಳೂ ನಗುತ್ತಿದ್ದಳು. ತನ್ನ ಕೈಗೇ ಏನೋ ದೋಷವಿದೆ ಎಂದು ಅವಳು ನಂಬಿಬಿಟ್ಟಿದ್ದಳು, ಪಾಪ.

ಅವಳ ಅನುಮಾನವೆಲ್ಲ ಬಂಡಿಯ ಮೇಲೆ. ಅದು ಶುರುವಾದದ್ದು ಹಿಂದಿನ ವರ್ಷ. ಎಲ್ಲರೂ ಹೊಗೆ ನೋಡುತ್ತಿದ್ದರು, ಹೊಳೆಯುವ ಹಿತ್ತಾಳೆ ನೋಡುತ್ತಿದ್ದರು, ಕೈ ಬೀಸುತ್ತಿದ್ದರು. ಅಜ್ಜಿಯ ಕಣ್ಣು ಯಾಕೋ ಬಂಡಿಗೂ ಅದರ ಹಿಂದಿನ ಡಬ್ಬಿಗೂ ನಡುವೆ ಇರುವ ಸರಪಳಿಯ ಮೇಲೆ ಬಿತ್ತು. ಸರಪಳಿ ಜೋತುಬಿದ್ದಿತ್ತು. ಬಾವಿಯಿಂದ ಕೊಡ ಸೇದುವಾಗ ಹಗ್ಗ ಹೇಗಿರುತ್ತದೆಂದು ಯಾರಿಗೆ ಗೊತ್ತಿಲ್ಲ? ಎಳೆಯುವ ಹಗ್ಗ ಬಿಗಿಯಾಗಿರಬೇಕು. ಇದು ಬಟ್ಟೆ ಒಣಹಾಕುವ ಹಗ್ಗದಂತೆ ಸಡಿಲವಾಗಿ ತೂಗುತ್ತಿತ್ತು. ಹಾಗಾದರೆ ಎಳೆಯುತ್ತಿರುವುದು ಬಂಡಿಯಲ್ಲ. ಕೊಟ್ಟಕೊನೆಯ ಡಬ್ಬಿಗೆ ಯಾವಾಗಲೂ ಕಪ್ಪು ಪರದೆ ಇಳಿಬಿಟ್ಟಿರುತ್ತಿತ್ತು. ಅದರೊಳಗೆ ಏನಿದೆಯೆಂದು ಯಾರೂ ಕೇಳಿದ್ದಿಲ್ಲ.

ಅಂದಿನಿಂದ ಅಜ್ಜಿಯ ಮನಸ್ಸು ಸರಿಯಿರಲಿಲ್ಲ. ಒಲೆ ಊದುವಾಗ ಅದೇ ಯೋಚನೆ, ಸೊಪ್ಪು ಸೋಸುವಾಗ ಅದೇ ಯೋಚನೆ. ತಾನು ಪ್ರತಿವರ್ಷ ಕೈ ಸುಟ್ಟುಕೊಂಡು ಹೊತ್ತ ಬೆಂಕಿ ಎಲ್ಲಿ ಹೋಗುತ್ತದೆ? ಯಾರು ಬಳಸಿಕೊಳ್ಳುತ್ತಾರೆ? ಯಾರನ್ನಾದರೂ ಕೇಳೋಣವೆಂದರೆ, ಕೇಳಿದವಳ ಮೇಲೇ ಊರಿಗೆ ಅನುಮಾನ ಹುಟ್ಟೀತು ಎಂಬ ಭಯ. ಸುಮ್ಮನಿದ್ದಳು.

ಈ ವರ್ಷ ಬಂಡಿಯ ದಿನ ಹತ್ತಿರವಾದಾಗ ಅವಳ ಮಗಳು ಹೆತ್ತಳು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು, ಅಂಗೈಯಗಲ. ಪಕ್ಕದಲ್ಲಿ ಅಗ್ಗಿಷ್ಟಿಕೆ ಇದ್ದರೆ ಹಾಲು ಕುಡಿಯುತ್ತಿತ್ತು. ಕೆಂಡ ಸ್ವಲ್ಪ ಮಂಕಾದರೂ ಅದರ ಕಾಲು ತಣ್ಣಗಾಗಿ ತುಟಿ ನೀಲಿಯಾಗುತ್ತಿತ್ತು. ಬಂಡಿಯ ಹಿಂದಿನ ದಿನ ನೆರೆಮನೆಯವಳು ಹಿತ್ತಲ ಗೋಡೆಯ ಮೇಲಿಂದ ಇಣುಕಿದಳು.

"ಮಗು ಹೇಗಿದೆ ಅಜ್ಜಿ?"

"ಇದೆ ಕಣೆ. ಬೆಚ್ಚಗಿದ್ರೆ ನಮ್ಮದು, ತಣ್ಣಗಾದ್ರೆ ದೇವರದು ಅನ್ನೋ ಹಾಗಿದೆ."

"ಮತ್ತೆ ನಾಳೆ ಏನ್ಮಾಡ್ತೀರಿ?"

"ಎಲ್ಲರೂ ಮಾಡೋದನ್ನೇ ಮಾಡ್ತೀನಿ."

ನೆರೆಮನೆಯವಳು ಅಜ್ಜಿಯ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸಣ್ಣಗೆ ನಕ್ಕು, "ಹಾಗೇ ಮಾಡಿ, ಅದೇ ಒಳ್ಳೇದು" ಎಂದು ಒಳಗೆ ಹೋದಳು. ಆ ನಗು ಅಜ್ಜಿಗೆ ಹಿಡಿಸಲಿಲ್ಲ.

ಬೆಳಗ್ಗೆ ಅಜ್ಜಿ ಒಲೆಯ ಮುಂದೆ ಕೂತಳು. ಇಕ್ಕಳ ಹಿಡಿದಳು, ಇಟ್ಟಳು, ಮತ್ತೆ ಹಿಡಿದಳು. ಒಳಗಿನಿಂದ ಮಗುವಿನ ಕುಂಯ್ ಎಂಬ ಸದ್ದು ಬಂತು. ಎಳೆಯದ ಬಂಡಿಗೆ ಯಾಕೆ ಕೊಡಬೇಕು ಎಂದುಕೊಂಡಳು. ಮಡಕೆಯ ತುಂಬ ಬೂದಿ ತುಂಬಿ, ಮೇಲೆ ಕಣ್ಣಿಗೆ ಕಾಣುವಷ್ಟು ಕೆಂಡ ಹರಡಿದಳು. ಉಳಿದ ಕೆಂಡವನ್ನೆಲ್ಲ ಬಚ್ಚಲ ಒಲೆಗೆ ಸಾಗಿಸಿ, ಹೊಗೆ ಕಾಣಬಾರದೆಂದು ಮೇಲೆ ಬಾಣಲೆ ಕವುಚಿ, ಸುತ್ತ ಒದ್ದೆ ಮಣ್ಣು ಮೆತ್ತಿದಳು. ಸಂಜೆಯವರೆಗೆ ಕಾಯುವುದು ಪದ್ಧತಿಯಾದರೂ, ಬಂಡಿ ಹೊರಟದ್ದೇ ಕಣ್ತಪ್ಪಿಸಿ ಬಂದು ಅದನ್ನು ತೆಗೆದು ಮಗುವಿನ ಪಕ್ಕ ಇಡಬೇಕು. ಹೋಗದಿದ್ದರೆ ಊರು ಯಾಕೆಂದು ಕೇಳುತ್ತದೆ. "ಅಲ್ಲೀವರೆಗೂ ಎದೆಗೆ ಅವಚಿಕೊಂಡಿರು" ಎಂದು ಮಗಳಿಗೆ ಹೇಳಿ ಹೊರಟಳು.

ಅರ್ಧ ದಾರಿಗೆ ಬಂದಾಗ ಅವಳಿಗೆ ನೆನಪಾಯಿತು: ಮಸಿಬಟ್ಟೆ ಮನೆಯಲ್ಲೇ ಉಳಿದಿತ್ತು. ಮಡಕೆ ಬರಿಗೈಯಲ್ಲಿತ್ತು. ಕೈ ಸುಡುತ್ತಿರಲಿಲ್ಲ. ಬೂದಿಯ ಮಡಕೆ ಯಾಕೆ ಸುಟ್ಟೀತು?

ಅವಳು ನಿಂತುಬಿಟ್ಟಳು. ತಲೆಯೆತ್ತಿ ಮುಂದಿನ ಸಾಲನ್ನು ನೋಡಿದಳು. ಊರ ಹಿರಿಯನ ಮಡಕೆ ಬರಿಗೈಯಲ್ಲಿ. ಅವನ ಹಿಂದಿನವನದು ಬರಿಗೈಯಲ್ಲಿ. ನೆರೆಮನೆಯವಳು ಮಡಕೆಯನ್ನು ಸೊಂಟಕ್ಕೇ ಇಟ್ಟುಕೊಂಡಿದ್ದಳು, ಕೂಸನ್ನು ಎತ್ತಿಕೊಂಡ ಹಾಗೆ. ನಿಲ್ದಾಣದವರೆಗೂ ಬರಿಗೈಗಳ ಸಾಲು. ಇಷ್ಟು ವರ್ಷ ನೋಡಿದ್ದ ಸಾಲೇ ಅದು, ಆದರೆ ಅಜ್ಜಿ ಅದನ್ನು ನೋಡಿದ್ದು ಅವತ್ತೇ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಬಂಡಿಯವನು ಒಂದೊಂದೇ ಮಡಕೆ ಇಸಕೊಂಡು ಒಲೆಗೆ ಸುರಿಯುತ್ತಿದ್ದ. ಸುರಿಯುವಾಗ ಹಾಡುವಂತೆ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ: "ಮನೆಯ ಬೆಂಕಿ ಬಂಡಿಗೆ, ಬಂಡಿಯ ಬೆಂಕಿ ಮನೆಗೆ." ಕೊಟ್ಟವರು ಕೈಮುಗಿದು ಸರಿಯುತ್ತಿದ್ದರು. ಅಜ್ಜಿಯ ಸರದಿ ಬಂದಾಗ ಅವನು ಕೈ ಚಾಚಿದ, ಮಡಕೆ ಹಿಡಿದ, ತಡೆದ. ಅವಳ ಕೈ ನೋಡಿದ. ಮಸಿಬಟ್ಟೆ ಹುಡುಕುವವನಂತೆ ಅವಳ ಸೊಂಟ ನೋಡಿದ. ಆಮೇಲೆ ಕಣ್ಣು ತಗ್ಗಿಸಿ ಸುರಿದ. ಈ ಸಲ ಮಾತು ಹೇಳಲಿಲ್ಲ.

ಬಂಡಿ ಹೊರಟಿತು. ಪ್ರತಿವರ್ಷ ಹೊರಡುವ ಮೊದಲು ಅದು ಎದೆ ನಡುಗುವಂತೆ ಕೂಗುತ್ತಿತ್ತು. ಈ ವರ್ಷದ ಕೂಗು ಬೇರೆಯಾಗಿತ್ತು, ಹಿಂದಿನಿಂದೆಲ್ಲೋ ಬಂತು. ಹೊಗೆ ಕಪ್ಪಗಿರಲಿಲ್ಲ, ಒದ್ದೆ ಹುಲ್ಲಿನ ಹೊಗೆಯ ಹಾಗೆ ಬೆಳ್ಳಗೆ ನೆಲಕ್ಕೇ ಮಲಗುತ್ತಿತ್ತು. ಜನ ಎಂದಿನಂತೆ ಕೈ ಬೀಸಿದರು. "ಎಷ್ಟು ಚೆನ್ನಾಗಿ ಹೋಗ್ತಿದೆ ನೋಡು" ಎಂದು ಹಿರಿಯ ಹೇಳಿದ. "ಹೋದ ವರ್ಷಕ್ಕಿಂತ ಜೋರು" ಎಂದ ಪಕ್ಕದವನು. ಅಷ್ಟು ಹೇಳಿ ಇಬ್ಬರೂ ಓರೆಗಣ್ಣಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅಜ್ಜಿ ಬಂಡಿಯನ್ನು ನೋಡಲೇ ಇಲ್ಲ. ನೋಡುವವರನ್ನು ನೋಡಿದಳು.

ಮನೆಗೆ ಹೊರಟರೆ ಹಿರಿಯ ತಡೆದ. "ಎಲ್ಲಿಗೆ ಅಜ್ಜಿ? ಬಂಡಿ ಬರೋವರೆಗೂ ಕಾಯೋದು ಪದ್ಧತಿ. ಯಾಕೆ, ಮನೇಲಿ ಏನಾದ್ರೂ ಇಟ್ಟಿದ್ದೀರಾ?" ಎಲ್ಲರೂ ತಿರುಗಿ ನೋಡಿದರು. ಮಗು ಇದೆಯೆಂದಳು. "ಮಗೂಗೆ ತಾಯಿ ಇದ್ದಾಳಲ್ಲ" ಎಂದ. ಅಜ್ಜಿ ಮುಳ್ಳಿನ ಮೇಲೆ ಕೂತ ಹಾಗೆ ಸಂಜೆಯವರೆಗೆ ಕೂತಳು.

ಬಂಡಿ ಬಂತು. ಮತ್ತೆ ಸಾಲು. ಬಂಡಿಯವನು ಉದ್ದನೆಯ ಸಲಿಕೆಯಿಂದ ಪ್ರತಿ ಮಡಕೆಗೂ ಏನನ್ನೋ ಸುರಿದು ತಟ್ಟನೆ ಮುಚ್ಚಳ ಮುಚ್ಚುತ್ತಿದ್ದ. ಯಾರೂ ಮುಚ್ಚಳ ತೆಗೆದು ನೋಡಲಿಲ್ಲ. ಯಾರ ಮಡಕೆಯಿಂದಲೂ ಕಿಡಿ ಹಾರಲಿಲ್ಲ. ತೆಗೆದುಕೊಂಡವರೆಲ್ಲ ತಣ್ಣನೆಯ ಮಡಕೆಯನ್ನು ಬಿಸಿಯಾಗಿದೆಯೆಂಬಂತೆ ತುದಿಬೆರಳಲ್ಲಿ ಹಿಡಿದುಕೊಂಡು, ಬಂಡಿಯ ಹೊಗಳಿಕೆ ಹೇಳುತ್ತ ಬೇಗಬೇಗ ಮನೆಗೆ ನಡೆದರು. ಕೊನೆಗೆ ಅಜ್ಜಿ ಒಬ್ಬಳೇ ಉಳಿದಳು.

"ಒಂದು ಮಾತು ಕೇಳ್ಲಾ?" ಎಂದಳು.

"ಕೇಳಿ ಅಜ್ಜಿ."

"ಈ ಬಂಡಿ ಎಳೀತದೋ, ಇದನ್ನೇ ಯಾರಾದ್ರೂ ತಳ್ತಾರೋ?"

ಬಂಡಿಯವನು ಸಲಿಕೆಯನ್ನು ಗೋಡೆಗೆ ಒರಗಿಸಿದ. "ಇಷ್ಟು ವರ್ಷದಲ್ಲಿ ಕೇಳಿದ್ದು ನೀವೊಬ್ಬರೇ. ತಳ್ತಾರೆ. ಕೊನೇ ಡಬ್ಬಿಯ ಪರದೆ ಹಿಂದೆ ಒಂದು ಯಂತ್ರ ಇದೆ. ಅದಕ್ಕೆ ಈ ಊರಿನ ಬೆಂಕಿ ಬೇಡ."

"ಹಾಗಾದ್ರೆ ನಾವು ಕೊಟ್ಟ ಬೆಂಕಿ ಏನ್ಮಾಡ್ದೆ?"

ಅವನು ಬಂಡಿಯ ಒಲೆಯ ಬಾಗಿಲು ತೆಗೆದ. "ಕೈ ಹಾಕಿ ನೋಡಿ."

ಅಜ್ಜಿ ಕೈ ಹಾಕಿದಳು. ಮೊಣಕೈವರೆಗೆ ಬೂದಿ. ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದಷ್ಟು ತಣ್ಣಗಿತ್ತು.

"ನೀವೆಲ್ಲ ಕೊಟ್ಟಿದ್ದು ಇದು" ಎಂದ ಬಂಡಿಯವನು. "ಮೊದಲನೇ ವರ್ಷ ಎಲ್ಲರೂ ಕೆಂಡ ತಂದಿದ್ರು, ಬಂಡಿ ತಾನೇ ಎಳೀತು. ಆಮೇಲೆ ಯಾರೋ ಒಬ್ಬರಿಗೆ ಪಕ್ಕದವರು ಪೂರ್ತಿ ತರ್ತಾರೋ ಇಲ್ಲವೋ ಅಂತ ಅನುಮಾನ ಬಂತು, ಅವರು ಸ್ವಲ್ಪ ಬೂದಿ ಸೇರಿಸಿದ್ರು. ಬಂಡಿ ಏರಿನಲ್ಲಿ ಮುಗ್ಗರಿಸ್ತು. ಅದನ್ನ ನೋಡಿ ಇದು ಓಡೋ ಬಂಡಿ ಅಲ್ಲ ಅಂತ ಇನ್ನಷ್ಟು ಜನ ಬೂದಿ ತಂದ್ರು. ನಿಂತುಹೋಗೋ ಹಾಗಾಯ್ತು. ನಿಮಗೆಲ್ಲ ನೋಡೋಕೆ ಬಂಡಿ ಬೇಕಿತ್ತಲ್ಲ, ಹಿಂದೆ ಯಂತ್ರ ಕಟ್ಟಿದೆ."

"ಮತ್ತೆ ಸಂಜೆ ಕೊಡ್ತಿದ್ದ ಕೆಂಡ? ನಾನೇ ಒಯ್ದಿದ್ದೀನಲ್ಲ, ಸುಡುತ್ತಿತ್ತು."

"ಪ್ರತಿವರ್ಷ ಒಂದು ಮಡಕೇಲಿ ಮಾತ್ರ ತಳದವರೆಗೂ ಕೆಂಡ ಇರ್ತಿತ್ತು, ಅಜ್ಜಿ. ಮಸಿಬಟ್ಟೆ ಸುತ್ತಿದ ಮಡಕೆ. ಎಲ್ಲರ ಬೂದಿ ಮೇಲೆ ಅದನ್ನ ಕೊನೇಗೆ ಸುರೀತಿದ್ದೆ. ಕೂಗೋಕೆ, ಹೊಗೆಗೆ ಅಷ್ಟು ಸಾಕಾಗ್ತಿತ್ತು. ಸಂಜೆ ಊರಿಗೆಲ್ಲ ಒಂದೊಂದು ಚೂರು ಹಂಚ್ತಿದ್ದದ್ದೂ ಅದನ್ನೇ." ಒಲೆಯ ಬಾಗಿಲು ಮುಚ್ಚಿ ಹೇಳಿದ: "ಈ ವರ್ಷ ಮಸಿಬಟ್ಟೆ ಕಾಣಲಿಲ್ಲ."

ನಾಚಿಕೆಯಿಂದ ಅಜ್ಜಿಯ ಕಿವಿ ಕೆಂಪಾಯಿತು. "ನೀನಾದ್ರೂ ಹೇಳಬಾರದಿತ್ತಾ?" ಎಂದಳು.

"ಯಾರಿಗೆ ಹೇಳ್ಲಿ? ಕೇಳಿ ನೋಡಿ, ಎಲ್ಲರೂ ಕೆಂಡ ತಂದವರೇ."

ಅಜ್ಜಿ ಓಡುತ್ತ ಮನೆಗೆ ಬಂದಳು. ಬರುವಾಗ ಕಂಡಳು: ಒಂದೊಂದು ಹೆಂಚಿನ ಸಂದಿಯಿಂದಲೂ ಹೊಗೆ ಏಳುತ್ತಿತ್ತು. ಬೀದಿಯ ತುಂಬ ಒಗ್ಗರಣೆಯ ಘಮ. ತಣ್ಣನೆಯ ಮಡಕೆ ಒಯ್ದವರ ಮನೆಗಳಲ್ಲೆಲ್ಲ ಸಾರು ಕುದಿಯುತ್ತಿತ್ತು.

ಬಚ್ಚಲ ಒಲೆಯ ಮಣ್ಣು ಕೆರೆದು ಬಾಣಲೆ ಎತ್ತಿದಳು. ಕೆಂಡ ಕರ್ರಗೆ ಇದ್ದಿಲಾಗಿತ್ತು. ಬೆಂಕಿ ಬಚ್ಚಿಡುವವರು ಅದು ಉಸಿರಾಡಲು ಒಂದು ಸಂದು ಬಿಡುತ್ತಾರೆ. ಊರಿಗೆಲ್ಲ ಗೊತ್ತಿದ್ದ ಈ ವಿದ್ಯೆ ಅಜ್ಜಿಗೆ ಗೊತ್ತಿರಲಿಲ್ಲ, ಅವಳು ಬಚ್ಚಿಟ್ಟದ್ದು ಅದೇ ಮೊದಲು. ಊದಿದಳು, ಊದಿದಳು, ಮುಖಕ್ಕೆಲ್ಲ ಬೂದಿ ಹಾರಿತು.

"ಅಮ್ಮ, ಬೇಗ ಬಾ" ಎಂದು ಮಗಳು ಒಳಗಿನಿಂದ ಕೂಗಿದಳು. "ಹಾಲು ಬಾಯಿಗೆ ಹಾಕಿದ್ರೂ ನುಂಗ್ತಿಲ್ಲ. ಕಾಲು ಮುಟ್ಟಿ ನೋಡು."

ಅಜ್ಜಿ ಮುಟ್ಟಲಿಲ್ಲ. ಇಕ್ಕಳ ತೆಗೆದುಕೊಂಡು ಬೀದಿಗೆ ಇಳಿದಳು.

ಹಿರಿಯನ ಮನೆಯ ಬಾಗಿಲು ತಟ್ಟಿದಳು. "ನಾಲ್ಕು ಕೆಂಡ ಕೊಡಪ್ಪಾ, ಮಗು ತಣ್ಣಗಾಗ್ತಿದೆ." ಬಾಗಿಲು ಒಂದು ಗೇಣು ತೆರೆಯಿತು. ಒಳಗಿನ ಬೆಳಕು ಅವನ ಬೆನ್ನ ಮೇಲೆ ಕುಣಿಯುತ್ತಿತ್ತು. "ಬಂಡಿಯವನು ಕೊಟ್ಟಿದ್ದು ದಾರೀಲೇ ಆರಿಹೋಯ್ತು ಅಜ್ಜಿ. ನಮ್ಮ ಮನೇಲಿ ಎಲ್ಲಿಂದ ಬರಬೇಕು?" ಎಂದು ಬಾಗಿಲು ಹಾಕಿದ. ಅದರಾಚೆ ಮನೆಯಲ್ಲೂ ಅದೇ ಮಾತು. ಇನ್ನೊಂದು ಮನೆಯಲ್ಲಿ ತಟ್ಟಿದ್ದೇ ತಡ, ಒಳಗೆ ನೀರು ಚೆಲ್ಲಿ ಚುಂಯ್ ಎಂದ ಸದ್ದು. ಒಲೆಯನ್ನೇ ಆರಿಸಿಬಿಟ್ಟಿದ್ದರು. ಅಜ್ಜಿ ಕೆಂಡ ಕೇಳಲು ಬಂದವಳಲ್ಲ, ತಮ್ಮನ್ನು ಹಿಡಿಯಲು ಬಂದವಳು ಎಂದು ಎಲ್ಲರಿಗೂ ಗುಮಾನಿ. ಅವಳು ಹೋದಲ್ಲೆಲ್ಲ ಬೆಂಕಿ ಆರುತ್ತ ಹೋಯಿತು.

ಕೊನೆಗೆ ನೆರೆಮನೆಯ ಬಾಗಿಲು. ಅಜ್ಜಿ ತಟ್ಟಲಿಲ್ಲ. ಹಣೆಯನ್ನು ಬಾಗಿಲಿಗೆ ಒತ್ತಿ ಹೇಳಿದಳು:

"ತೆಗೀಬೇಡ ಕಣೆ, ಕೇಳಿಸ್ಕೊ ಸಾಕು. ನಾನೂ ಬೂದಿನೇ ಒಯ್ದೆ. ಕೆಂಡ ಬಚ್ಚಿಟ್ಟೆ, ಬಚ್ಚಿಡೋಕೆ ಬರಲಿಲ್ಲ, ಆರಿಹೋಯ್ತು. ನಾಳೆ ಬೇಕಾದ್ರೆ ಊರಿಗೆಲ್ಲ ಹೇಳು, ನನಗೆ ಜನ್ಮದಲ್ಲಿ ಯಾರೂ ಕೆಂಡ ಕೊಡದೇ ಹೋಗ್ಲಿ. ಇವತ್ತು ಮಾತ್ರ ಕೊಡು. ಆ ಕೂಸು ಏನೂ ಬಚ್ಚಿಟ್ಟಿಲ್ಲ."

ಒಳಗೆ ಸದ್ದಿಲ್ಲ. ಅಜ್ಜಿ ಕಾಯ್ದಳು. ನೀರು ಚೆಲ್ಲುವ ಸದ್ದಿಗೆ ಕಿವಿ ಕೊಟ್ಟು ಕಾಯ್ದಳು. ಅದೂ ಕೇಳಲಿಲ್ಲ. ಕಾಲೆಳೆಯುತ್ತ ಮನೆಗೆ ಬಂದು ಹಿತ್ತಲಿಗೆ ಹೋದರೆ, ಗೋಡೆಯ ಮೇಲಿಂದ ಒಂದು ಕೈ ಇಳಿಬಿದ್ದಿತ್ತು. ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಕೆಂಡ. ಮುಖ ಕಾಣುತ್ತಿರಲಿಲ್ಲ.

"ಇದು ಬಂಡಿಯದು ಅಜ್ಜಿ" ಎಂದಿತು ಗೋಡೆಯಾಚೆಯ ದನಿ.

"ಹೌದು ಕಣೆ. ಬಂಡಿಯದೇ" ಎಂದಳು ಅಜ್ಜಿ.

ಅಗ್ಗಿಷ್ಟಿಕೆ ಹತ್ತಿತು. ಮಗುವಿನ ತುಟಿಗೆ ಬಣ್ಣ ಬಂತು, ಬಾಯಿ ಬಿಟ್ಟಿತು, ಚೀಪಿತು. ಬಂಡಿಯ ಬೆಂಕಿ ಎಷ್ಟು ಬೇಗ ಹತ್ತಿಕೊಂಡಿತು ಎಂದಳು ಮಗಳು. ಅಜ್ಜಿ ಮುಖ ತಿರುಗಿಸಿ ಅತ್ತಳು.

ವರ್ಷ ತಿರುಗಿತು. ಅವರೆಕಾಯಿ ಮತ್ತೆ ಬಂತು, ಉಗಿಬಂಡಿಯ ಕೊರಳಿಗೆ ಮತ್ತೆ ಚೆಂಡುಹೂ ಬಿತ್ತು. ಮಗು ಗೋಡೆ ಹಿಡಿದು ನಿಲ್ಲುತ್ತಿತ್ತು, ಆದರೂ ಚಳಿಗೆ ಕೆಮ್ಮುತ್ತಿತ್ತು. ಅಜ್ಜಿ ಅದಕ್ಕೆ ತನ್ನ ಹಳೆಯ ಸೀರೆಗಳನ್ನೆಲ್ಲ ಸುತ್ತಿ ಮಗಳ ಮಡಿಲಲ್ಲಿ ಕೂರಿಸಿದಳು. ಒಲೆ ಬಳಿದಳು. ಬಚ್ಚಲ ಒಲೆಯನ್ನೂ ಬಳಿದಳು. ಒಂದು ಕಿಡಿಯನ್ನೂ ಉಳಿಸಲಿಲ್ಲ.

"ಪೂರ್ತಿ ಒಯ್ತೀಯಾ?" ಎಂದಳು ಮಗಳು, ಮಗುವನ್ನು ಬಿಗಿಯಾಗಿ ಹಿಡಿದುಕೊಂಡು. "ಸಂಜೆ ಅವನು ಕೊಡದೇ ಹೋದ್ರೆ?"

"ಅವನ ಹತ್ರ ಇದ್ರೆ ತಾನೇ ಕೊಡೋದು" ಎಂದು ಅಜ್ಜಿ ಮಡಕೆಗೆ ಮಸಿಬಟ್ಟೆ ಸುತ್ತಿದಳು.

ಸಾಲಿನಲ್ಲಿ ಜನ ತಿರುಗಿ ತಿರುಗಿ ನೋಡಿದರು. "ಏನಜ್ಜಿ, ಮತ್ತೆ ಬೆಣ್ಣೆಯ ಕೈ ಆಯ್ತಾ?" ಎಂದ ಹಿರಿಯ. ಮೊದಲಿನಂತೆ ಯಾರೂ ನಗಲಿಲ್ಲ. ಇವಳು ಏನೋ ಮಸಲತ್ತು ಮಾಡುತ್ತಿದ್ದಾಳೆ ಎಂದು ಅವಳಿಂದ ಒಂದು ಮಾರು ದೂರ ಸರಿದರು. ಬಂಡಿಯವನು ಮಡಕೆ ಇಸಕೊಂಡಾಗ ಅವನ ಬೆರಳು ಬೆಚ್ಚಿಬಿದ್ದವು. ಸುರಿಯುವಾಗ ಗಟ್ಟಿಯಾಗಿಯೇ ಹೇಳಿದ: "ಮನೆಯ ಬೆಂಕಿ ಬಂಡಿಗೆ, ಬಂಡಿಯ ಬೆಂಕಿ ಮನೆಗೆ."

ಬಂಡಿ ಎದೆ ನಡುಗುವಂತೆ ಕೂಗಿತು. ಜನ ಹೊಗೆ ನೋಡಿದರು, ಕೈ ಬೀಸಿದರು. ಅಜ್ಜಿ ಸರಪಳಿ ನೋಡುತ್ತಿದ್ದಳು. ಸರಪಳಿ ಜೋತುಬಿದ್ದಿತ್ತು. ಜೋತುಬಿದ್ದೇ ಅವಳ ಮುಂದೆ ಹಾದುಹೋಯಿತು. ಊರ ಗಡಿಯ ಏರಿಗೆ ಬಂದಾಗ ಅದು ಸೇದುವ ಹಗ್ಗದ ಹಾಗೆ ಬಿಗಿಯಾಯಿತು. ಒಂದು ಉಸಿರಿನ ಹೊತ್ತು. ಮತ್ತೆ ಸಡಿಲವಾಯಿತು.

ನಿಜವಾಗಿ ಬಿಗಿಯಾಯಿತೇ? ಒಂದು ಮಡಕೆಗೆ ಅಷ್ಟು ಶಕ್ತಿಯಿಲ್ಲ, ಅದು ಅವಳಿಗೆ ಗೊತ್ತಿತ್ತು. ಪಕ್ಕಕ್ಕೆ ತಿರುಗಿದಳು. ನೆರೆಮನೆಯವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು. ಅವಳ ಕಣ್ಣೂ ಹೊಗೆಯ ಮೇಲಿರಲಿಲ್ಲ, ಸರಪಳಿ ಮರೆಯಾದ ಕಡೆಗೇ ಇತ್ತು.

"ನೋಡ್ದೆಯಾ?" ಎಂದಳು ಅಜ್ಜಿ.

"ಏನನ್ನ?" ಎಂದಳು ಅವಳು, ಸಂಶಯದಿಂದ.

ಅಜ್ಜಿ ಅವಳ ಸೆರಗು ಸರಿಸಿದಳು. ಎರಡೂ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿದ್ದವು. ಕೆಂಡ ತುಂಬಿದ ಮಡಕೆಯನ್ನು ಹೊತ್ತು ಅಭ್ಯಾಸವಿಲ್ಲದವಳು, ಬಟ್ಟೆ ಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

"ಏನೇ ಇದು?"

"ಒಲೆ ತಾಗ್ತು."

"ಇವತ್ತು ಊರಲ್ಲಿ ಒಲೆ ಇಲ್ವಲ್ಲ."

ಅಜ್ಜಿ ಸೊಂಟದಿಂದ ಮಸಿಬಟ್ಟೆ ತೆಗೆದು, ಹಲ್ಲಿನಿಂದ ಕಚ್ಚಿ ಎರಡಾಗಿ ಹರಿದು, ಒಂದು ತುಂಡನ್ನು ಅವಳ ಕೈಗಿಟ್ಟಳು. ಅವಳು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.